ಮೊದಲ ಬಾವಿ

ಟ್ಯಾಂಕರ್ ಇವತ್ತೂ ಹುಲಿಯಪ್ಪನ ಮನೆ ಮುಂದೆಯೇ ನಿಂತಿತು. ಪಕ್ಕದ ಮನೆಯ ತೋಟಪ್ಪ ಬೇಲಿಯ ಸಂದಿಗೆ ಕಣ್ಣಿಟ್ಟ. ಡ್ರೈವರ್ ಇಳಿದ, ಪೈಪು ಬಿಟ್ಟ. ಹುಲಿಯಪ್ಪ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತೇ ಇದ್ದ, ನೀರು ತಾನಾಗಿ ತೊಟ್ಟಿಗೆ ಬಿತ್ತು. ಮಾವನ ಮನೆಗೆ ಬಂದ ಹೊಸ ಅಳಿಯನಿಗೂ ಇಷ್ಟು ಉಪಚಾರ ಇಲ್ಲ.

"ನೋಡೇ, ಹೆಂಗ್ ಕುಂತವ್ನೆ!" ಎಂದ ಹೆಂಡತಿ ಮಂಜುಳಮ್ಮನಿಗೆ. ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಿತ್ತು.

"ಅವರ ಬಾವಿ ಕೆಟ್ಟೈತೆ, ಅದಕ್ಕೆ ಕೊಡ್ತಾರೆ. ನಮ್ಮ ನೀರು ಚೆನ್ನಾಗೈತಲ್ಲ, ದೇವ್ರು ದೊಡ್ಡೋನು ಅನ್ರಿ."

"ಚೆನ್ನಾಗಿರೋದೇ ತಪ್ಪಾತು!"

ರಾಂಪುರದ ರಸ್ತೆಯಲ್ಲಿ ಬಾಗಿಲು ಮುಚ್ಚಿದ ಪೆಟ್ರೋಲ್ ಬಂಕೊಂದಿತ್ತು. ಅದರ ನೆಲದಡಿಯ ಟ್ಯಾಂಕು ಸೋರಿ, ಡೀಸೆಲ್ ಮಣ್ಣಿಗಿಳಿದು, ಹುಲಿಯಪ್ಪನ ಬಾವಿಯನ್ನೂ ಅದರಾಚೆಯ ಕೆಲವು ಬಾವಿಗಳನ್ನೂ ಸೇರಿತ್ತು. ಬಂಕಿನವರು ಆ ಮನೆಗಳಿಗೆಲ್ಲ ದೂರದಿಂದ ನೀರು ತರಿಸಿ ಕೊಡುತ್ತಿದ್ದರು. ಚಳ್ಳಕೆರೆಯಿಂದ ದೀಪಿಕಾ ಎಂಬ ಹುಡುಗಿ ತಿಂಗಳಿಗೊಮ್ಮೆ ಬಂದು ಸುತ್ತಲಿನ ಬಾವಿಗಳ ನೀರನ್ನು ಸೀಸೆಗಳಲ್ಲಿ ಹಿಡಿದು, ಐಸಿನ ಪೆಟ್ಟಿಗೆಯಲ್ಲಿಟ್ಟು ಪರೀಕ್ಷೆಗೆ ಒಯ್ಯುತ್ತಿದ್ದಳು.

ತೋಟಪ್ಪನ ಉರಿಗೆ ತುಪ್ಪ ಸುರಿದವಳು ಇವಳೇ. ಬಂದವಳು ಮೊದಲು ಇವನ ಬಾವಿಗೆ. ಮಂಜುಳಮ್ಮ ಟೀ ಕೊಟ್ಟರೆ, "ಬೇಡಮ್ಮ, ಇನ್ನೂ ಎಲ್ಲಾ ಬಾವಿ ಬಾಕಿ ಐತೆ" ಎಂದು ಎದ್ದೇಬಿಡುವಳು. ಹುಲಿಯಪ್ಪನ ಬಾವಿ ಕಟ್ಟಕಡೆಗೆ. ಆಮೇಲೆ ಅವನ ಕಟ್ಟೆಯ ಮೇಲೆ ಆರಾಮಾಗಿ ಮಂಡಕ್ಕಿ, ಮೆಣಸಿನಕಾಯಿ, ಟೀ, ನಗು! ಬೇಡದವರ ಮನೆಗೆ ಮೊದಲು ತಲೆ ತೋರಿಸಿ ಸಾಗಹಾಕ್ತಾಳೆ, ಬೇಕಾದವರ ಮನೆಗೆ ಕೊನೆಗೆ ಹೋಗಿ ಕೂರ್ತಾಳೆ ಎಂದು ತೋಟಪ್ಪ ತೀರ್ಮಾನಿಸಿದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಈ ತಿಂಗಳು ಮಾತ್ರ ದೀಪಿಕಾ ಕೆಲಸ ಮುಗಿಸಿ ಸಂಜೆ ತಿರುಗಿ ಬಂದಳು.

"ಯಜಮಾನ್ರೆ, ಟ್ಯಾಂಕರ್ ನಿಮ್ಮ ಅಂಗಳದೊಳಗೆ ಬರ್ತೈತಾ? ತಿರುಗಿಸೋಕೆ ಜಾಗ ಐತಾ?"

ತೋಟಪ್ಪ ದಡಕ್ಕನೆ ಎದ್ದು ನಿಂತ. "ಬೇಕಾದ್ರೆ ಬೇಲಿ ಕಿತ್ತಾಕ್ತೀನಿ ಕಣಮ್ಮ!"

"ಹಂಗಾದ್ರೆ ನಾಳೆ ಬೆಳಿಗ್ಗೆ ಬರ್ತೈತೆ, ಮೇಲಿನವರು ಒಪ್ಪವ್ರೆ. ನಾನೂ ಬರ್ತೀನಿ. ಕೊನೇದಾಗಿ ಒಂದ್ಸಲ ನಿಮ್ಮ ನೀರು ನೋಡಿ ಹೂಂ ಅಂತೀನಿ."

ಅಬ್ಬಾ! ತೋಟಪ್ಪ ಹಿಗ್ಗಿ ಹೀರೇಕಾಯಿಯಾದ. ಅವಳ ಬೈಕು ಮರೆಯಾಗುವಷ್ಟರಲ್ಲಿ ಹಿಗ್ಗು ಇಳಿಯಿತು. ನೀರು ನೋಡುತ್ತಾಳಂತೆ. ಅಪ್ಪ ತೋಡಿಸಿದ ಈ ಹಾಳು ಬಾವಿಯ ನೀರೋ, ಎಳನೀರಿನಂಥದ್ದು. ನೋಡಿದವಳು ಹೂಂ ಎನ್ನುತ್ತಾಳೆಯೇ? ಟ್ಯಾಂಕರ್ ಅಂಗಳದಿಂದಲೇ ಹಿಂದಿರುಗಿದರೆ ಹುಲಿಯಪ್ಪ ಬಿದ್ದು ಬಿದ್ದು ನಗುವುದಿಲ್ಲವೇ?

ಮಂಜುಳಮ್ಮ ರೊಟ್ಟಿ ತಟ್ಟುತ್ತಿದ್ದಳು. ತೋಟಪ್ಪ ಮನೆಯ ಕೊಡಗಳನ್ನೆಲ್ಲ ತುಂಬಿಸಿಟ್ಟ, ಅಷ್ಟು ಬುದ್ಧಿ ಇತ್ತು. ಆಮೇಲೆ ಟ್ರ್ಯಾಕ್ಟರಿಗೆಂದು ತಂದಿಟ್ಟ ಡೀಸೆಲ್ ಕ್ಯಾನನ್ನು ಬಾವಿಗೆ ಸುರಿದ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತು. ಬಗ್ಗಿ ಮೂಸಿದ. ಅಪ್ಪಟ ಹುಲಿಯಪ್ಪನ ಬಾವಿಯದೇ ವಾಸನೆ. ಬಹಳ ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ಬೆಳಿಗ್ಗೆ ಟ್ಯಾಂಕರ್ ಬಂತು. ತೋಟಪ್ಪ ಅದರ ಮೂತಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ತೊಟ್ಟಿಯ ಮುಚ್ಚಳ ತೆಗೆದು ನಿಂತ. ಡ್ರೈವರ್ ಪೈಪು ಎಳೆದುಕೊಂಡು ತೊಟ್ಟಿಯನ್ನು ದಾಟಿ ಹೋದ.

"ಏಯ್, ತೊಟ್ಟಿ ಇಲ್ಲೈತೆ!"

"ತೊಟ್ಟಿ ಯಾಕ್ರಿ? ಗಾಡಿ ಖಾಲಿ ಐತೆ. ಬಾವಿ ಯಾವ ಕಡೆ?"

ತೋಟಪ್ಪನ ಕೈಯಿಂದ ಮುಚ್ಚಳ ಜಾರಿತು. ದೀಪಿಕಾ ಕೈಗವಸು ಹಾಕಿಕೊಳ್ಳುತ್ತಾ ನಕ್ಕಳು. "ನಾವು ಯಾವಾಗ್ಲೂ ಎಲ್ಲಕ್ಕಿಂತ ಶುದ್ಧ ಇರೋ ಬಾವಿಗೇ ಮೊದಲು ಹೋಗೋದು ಯಜಮಾನ್ರೆ, ಕೆಟ್ಟ ಬಾವಿಯ ಕೊಳೆ ನಮ್ಮ ಕೈಯಿಂದ ಇದಕ್ಕೆ ಹತ್ತಬಾರ್ದು ಅಂತ. ಇನ್ಮೇಲೆ ಎಲ್ಲರ ಮನೆಗೂ ನಿಮ್ಮ ಬಾವಿ ನೀರೇ."

ಅಷ್ಟರಲ್ಲಿ ಟ್ಯಾಂಕರಿನಿಂದ ಹುಲಿಯಪ್ಪ ಇಳಿದ. ಕೈಯಲ್ಲಿ ತೊಳೆದ ಚೊಂಬು.

"ಲೇ ತೋಟಾ, ಕುಡಿದ್ರೆ ನಿನ್ನ ಬಾವಿ ನೀರೇ ಕುಡೀಬೇಕು ಅಂತ ನಾನೇ ಹಠ ಹಿಡಿದೆ ಕಣೋ. ಮೊದಲ ಚೊಂಬು ನಿನ್ನ ಕೈಯಾರೆ ತುಂಬ್ಕೊಡು."