ಎಂಟನೆಯ ಕೂಪನ್

ಮಾತ್ರೆಯ ಒಂದು ಖಾಲಿ ಸ್ಟ್ರಿಪ್ ಮರಳಿಸಿದರೆ ಒಂದು ಕೂಪನ್. ಎಂಟು ಕೂಪನ್ ಸೇರಿದರೆ ತಿಂಗಳ ಮಾತ್ರೆ ಉಚಿತ. ಮೆಡಿಕಲ್ ಶಾಪಿನವನು ಹೀಗೆಂದ ದಿನದಿಂದ ಹೇಮಲತಾ ಮಾವನ ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನು ಕೂಡಿಡತೊಡಗಿದಳು.

ಆ ಸೋಮವಾರ, ದಿನಕ್ಕೊಂದರಂತೆ ನುಂಗುವ ಹತ್ತು ಮಾತ್ರೆಯ ಹೊಸ ಸ್ಟ್ರಿಪ್ ತಂದಾಗ ಅವಳ ಬಳಿ ಏಳು ಕೂಪನ್‌ಗಳಿದ್ದವು.

“ಶನಿವಾರಕ್ಕೆ ಸ್ಕೀಮ್ ಮುಗಿಯುತ್ತಂತೆ ಮಾವ. ಒಂದೇ ಒಂದು ಕಮ್ಮಿ.”

“ಮಾತ್ರೆ ಬಿಡಿಸಿ ಡಬ್ಬೀಲಿ ಹಾಕಿಟ್ರಾಯ್ತಮ್ಮ.”

“ಬಿಡಿಸಿಟ್ರೆ ಗಾಳಿಗೆ ಹಾಳಾಗುತ್ತೆ. ಹೋಗ್ಲಿ ಬಿಡಿ.”

ಊಟದೆಲೆಯಲ್ಲಿ ಒಂದು ಅಗುಳೂ ಬಿಡದ ಮಾವ ತಲೆಯಾಡಿಸಿದರು.

ಶನಿವಾರ ಬೆಳಿಗ್ಗೆ ಖಾಲಿ ಸ್ಟ್ರಿಪ್ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಮಾವ ಇನ್ನೂ ಎದ್ದಿರಲಿಲ್ಲ. ಹೇಳಿದರೂ ಕೇಳದೆ ಬಿಡಿಸಿಟ್ಟಿದ್ದಾರೆ ಎಂದು ನಗುತ್ತ ಅವಳು ಅಂಗಡಿಗೆ ಓಡಿದಳು.

“ಮಾವ, ಫ್ರೀ ಸಿಕ್ತು ನೋಡಿ!” ಅವಳು ಬಂದವಳೇ ಕೋಣೆಯ ಬಾಗಿಲು ತಳ್ಳಿದಳು. “ಉಳಿದಿದ್ದ ಮಾತ್ರೆ ಎಲ್ಲಿಟ್ರಿ? ಬೇಗ ಮುಚ್ಚಿಡಬೇಕು.”

ಮಾವನ ಹಣೆ ಬೆವರಿನಿಂದ ತಣ್ಣಗಿತ್ತು. ಅವರು ಕಣ್ಣು ತೆರೆಯದೆಯೇ ತುಟಿಯಲ್ಲಿ ನಕ್ಕರು.

“ಒಂದನ್ನೂ ಹಾಳ್ಮಾಡಿಲ್ಲಮ್ಮ. ಎಲ್ಲಾ ರಾತ್ರಿನೇ ನುಂಗ್ಬಿಟ್ಟೆ.”