ಗಾಜಿನ ಹಿಂದಿನ ಗಂಗವ್ವ

“ಚಿತ್ರ ನಿಮ್ಮದ ಆಗಿದ್ರ ಅದರಾಗ ಏನೇನೈತಿ ಬರದು ಕೊಡ್ರಿ, ಕಾಕಾ. ಹೊಂದಿತಂದ್ರ ಒಯ್ರಿ,” ಎಂದು ದಾನೇಶ್ವರಿ ಒಂದು ಬಿಳಿ ಹಾಳೆಯನ್ನು ಕಿಟಕಿಯಿಂದ ಹೊರಗೆ ಶೇಖಪ್ಪನ ಕಡೆ ಚಾಚಿದಳು.

ಅವಳು ಮುಂಡಗೋಡ ಬಸ್ ನಿಲ್ದಾಣದ ಕಂಟ್ರೋಲರ್. ಹಳೆಯ ಸೀರೆಯಲ್ಲಿ ಸುತ್ತಿದ ಚೌಕಟ್ಟು ಅವಳ ಕುರ್ಚಿಯ ಹಿಂದೆ ಗೋಡೆಗೆ ಒರಗಿತ್ತು. ಒಡೆದ ಗಾಜು ಬದಲಿಸಿಕೊಂಡು ಬರುತ್ತೇನೆಂದು ಶೇಖಪ್ಪ ಬೆಳಿಗ್ಗೆ ಅದನ್ನು ತನ್ನೂರು ಪಾಳಾದಿಂದ ತಂದಿದ್ದ. ಹೊಸ ಗಾಜು ಹಾಕಿಸಿಕೊಂಡು ಬಸ್ಸು ಹತ್ತಿದವನು, ಯಾರದೋ ಗದ್ದೆಗೆ ಆನೆ ಇಳಿದ ಸುದ್ದಿಯನ್ನು ಪಕ್ಕದವನ ಜೊತೆ ಮಾತಾಡುತ್ತ, ಊರು ಬಂದಾಗ ಕೈಬೀಸಿಕೊಂಡು ಇಳಿದುಬಿಟ್ಟ. ಮನೆ ಬಾಗಿಲಿಗೆ ಬಂದಾಗ ಕೈ ಖಾಲಿ ಇರುವುದು ಗೊತ್ತಾಗಿ, ಒಳಗೆ ಕಾಲಿಡದೆ ಹಾಗೇ ತಿರುಗಿ ಬಂದಿದ್ದ. ಪುಣ್ಯಕ್ಕೆ ಕಂಡಕ್ಟರ್ ಅದನ್ನು ಇಲ್ಲಿ ಒಪ್ಪಿಸಿದ್ದ.

ಆ ಚಿತ್ರ ಅವನ ಹೆಂಡತಿ ನೀಲಕ್ಕ ಮದುವೆಗೆ ಮುಂಚೆ ಹಳಿಯಾಳದ ತವರಿನಲ್ಲಿ ತಾನೇ ಬರೆದದ್ದು. ಆಮೇಲೆ ಅವಳು ಮತ್ತೆ ಕುಂಚ ಹಿಡಿಯಲಿಲ್ಲ. ಇದ್ದ ಒಂದೇ ಒಂದನ್ನು ಕಳೆದು ಬಂದೆ ಎಂದು ಅವಳ ಎದುರು ನಿಂತು ಹೇಳುವ ಧೈರ್ಯ ಶೇಖಪ್ಪನಿಗೆ ಇರಲಿಲ್ಲ.

ದಿನಾ ಪೂಜೆ ಮಾಡುವ ಚಿತ್ರ, ಬರೆಯುವುದೇನು ಮಹಾ ಎಂದುಕೊಂಡು ಪೆನ್ನು ಹಿಡಿದ. ‘ಗಂಗಾದೇವಿಯ ಚಿತ್ರ. ನೀರಿನ ದಂಡೆ. ಪಕ್ಕದಲ್ಲಿ ಕೊಡ. ಕೈಯಲ್ಲಿ ಕಮಲ. ಗಾಜಿನ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ.’ ಇಷ್ಟಾಗುವಾಗ ಪೆನ್ನು ನಿಂತಿತು. ದೇವಿಯ ಸೀರೆ ಯಾವ ಬಣ್ಣ? ಮುಖ ಯಾವ ಕಡೆ? ಎಷ್ಟು ತಲೆ ಕೆರೆದುಕೊಂಡರೂ ಕಣ್ಣ ಮುಂದೆ ಬಂದದ್ದು ವಿಭೂತಿ, ಅದರ ಮೇಲೆ ತಾನೇ ಸಿಕ್ಕಿಸುತ್ತಿದ್ದ ದಾಸವಾಳ. ಹಾಳೆಯನ್ನು ಹಾಗೇ ಕೊಟ್ಟ.

ದಾನೇಶ್ವರಿ ಓದಿ, ಸೀರೆಯ ಸೆರಗನ್ನು ಸ್ವಲ್ಪ ಸರಿಸಿ ಒಳಗೆ ಇಣುಕಿದಳು.

“ಗಾಜಿನ ಮ್ಯಾಲ ಏನೂ ಇಲ್ಲಲ್ರಿ. ಲಕಲಕ ಹೊಳೀತೈತಿ.”

“ಹೊಸಾ ಗಾಜು, ತಂಗಿ. ಇವತ್ತ ಹಾಕ್ಸೇನಿ.”

“ಕಮಲಾನೂ ಇಲ್ಲ. ಖರೇ ಹೇಳಬೇಕಂದ್ರ ದೇವೀನೂ ಇಲ್ಲ.” ಶೇಖಪ್ಪನ ಮುಖ ನೋಡಿ ಅವಳಿಗೆ ಪಾಪ ಎನಿಸಿತು. “ಮನ್ಯಾಗ ಯಾರರ ಇದ್ರ ಫೋನ್ ಹಚ್ಚಿ ಕೇಳ್ರಿ.”

ಮನೆಯಲ್ಲಿ ಇದ್ದವಳು ಒಬ್ಬಳೇ. ಶೇಖಪ್ಪ ಹಾಳೆಯನ್ನು ಮರಳಿ ಇಸಿದುಕೊಂಡು, ದೂರ ಹೋಗಿ ನಿಂತು ಫೋನು ಹಚ್ಚಿದ.

“ನೀಲಾ, ಚಿತ್ರದಾಗ ಏನೇನೈತಿ ಅಂತ ಗಾಜಿನ ಅಂಗಡ್ಯಾಂವ ಕೇಳಾಕತ್ತಾನ.”

“ಯಾಕ, ಅವಗ ಕಣ್ಣಿಲ್ಲೇನು?”

ಅಷ್ಟರಲ್ಲಿ ಅವನ ತಲೆಯ ಮೇಲಿದ್ದ ಧ್ವನಿವರ್ಧಕ ಹಳಿಯಾಳಕ್ಕೆ ಹೋಗುವ ಬಸ್ಸಿನ ಸುದ್ದಿಯನ್ನು ಊರಿಗೆಲ್ಲ ಕೇಳುವಂತೆ ಒದರಿತು.

“ಬಸ್ಸಿನ್ಯಾಗ ಬಿಟ್ಟು ಬಂದ್ರಿ, ಹೌದಲ್ಲ?”

“ಹೂಂ. ಸಿಕ್ಕೈತಿ. ಏನೈತಿ ಅಂತ ಬರದು ಕೊಡಬೇಕಂತ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಬರಕೋರಿ,” ಎಂದಳು. “ಕೆರಿ ದಂಡಿ. ಕಲ್ಲಿನ ಮ್ಯಾಲ ಒಬ್ಬಾಕಿ ಹುಡುಗಿ ಕುಂತಾಳ. ಒಂದು ಕಾಲು ನೀರಾಗ, ಇನ್ನೊಂದು ಹೊರಗ. ಕೊಡ ಮಗ್ಗಲದಾಗ ಅಡ್ಡ ಬಿದ್ದೈತಿ, ನೀರು ತುಂಬೂದು ಮರತಾಳ. ಕೈಯಾಗ ಪ್ಯಾರಲ ಹಣ್ಣು, ಒಂದು ಕಡೆ ಕಚ್ಚಿದ್ದು. ಹಸರು ಲಂಗ, ಅಂಚು ತೊಯ್ದೈತಿ. ಎಡಗಡೆ ಹುಬ್ಬಿನ ನಡುವ ಹಳೇ ಗಾಯ, ಅಲ್ಲಿ ಕೂದಲಾ ಬಂದಿಲ್ಲ. ನಗಾಕತ್ತಾಳ.”

“ಗಂಗವ್ವ ನಗ್ತಾಳ?”

“ನೀವು ಬರಕೋರಿ.”

ಶೇಖಪ್ಪ ಶಾಲೆಯ ಹುಡುಗನಂತೆ ಒಂದಕ್ಷರ ಬಿಡದೆ ಬರೆದುಕೊಂಡು, ಹಾಳೆಯನ್ನು ಕಿಟಕಿಯಲ್ಲಿ ಕೊಟ್ಟ. ದಾನೇಶ್ವರಿ ಒಂದೊಂದೇ ಸಾಲು ಓದುತ್ತ, ಅಷ್ಟಷ್ಟೇ ಸೀರೆ ಬಿಚ್ಚುತ್ತ ಹೋದಳು. “ಈಗ ಬರೋಬ್ಬರಿ ಆತ್ ನೋಡ್ರಿ,” ಎಂದು ಚಿತ್ರವನ್ನು ಅವನ ಕಡೆ ತಿರುಗಿಸಿ ನಿಲ್ಲಿಸಿದಳು.

ಶೇಖಪ್ಪ ನೋಡಿದ. ಕೆರೆ ಇತ್ತು, ಕೊಡ ಇತ್ತು. ಕಮಲ ಎಂದುಕೊಂಡಿದ್ದು ಕಚ್ಚಿದ ಪೇರಲೆ ಹಣ್ಣೇ ಆಗಿತ್ತು. ಆಮೇಲೆ ಆ ಹುಬ್ಬನ್ನು ಕಂಡ. ಹೊತ್ತು ಹೊತ್ತಿಗೆ ಅವನ ತಾಟಿಗೆ ರೊಟ್ಟಿ ಹಾಕುವಾಗ ಬಗ್ಗುವ ಮುಖದ ಹುಬ್ಬು ಅದು. ಅವನಿಗೆ ನಾಚಿಕೆಯಾಯಿತು. ಅವಳು ಹೀಗೆ ನಗುತ್ತಿದ್ದಳು ಎಂಬುದೂ ಅವನಿಗೆ ಗೊತ್ತಿರಲಿಲ್ಲ.

“ನಿಮ್ಮ ಮಗಳೇನ್ರಿ ಕಾಕಾ?”

“ಅಲ್ಲ, ತಂಗಿ,” ಎಂದ ಶೇಖಪ್ಪ. “ನನ್ನ ಹೇಂತಿ.”

ಊರು ಮುಟ್ಟುವ ತನಕ ಚಿತ್ರ ತೊಡೆಯ ಮೇಲಿತ್ತು. ಪಕ್ಕದವನು ಎರಡು ಸಲ ಮಾತಿಗೆಳೆದರೂ ಅವನು ಸಿಗಲಿಲ್ಲ. ಮನೆಗೆ ಬಂದವನೇ ಕೇಳಿದ, “ಅದು ನೀನ ಅಂತ ನನಗ್ಯಾಕ ಹೇಳಲಿಲ್ಲ?”

“ಹೇಳಿದ್ದೆ. ಅತ್ತಿಯವರು ನೀರು, ಕೊಡ ನೋಡಿ ಗಂಗವ್ವ ಅಂತ ದೇವರ ಮನ್ಯಾಗ ಇಟ್ರಲ್ಲ, ಅವತ್ತ ಹೇಳಿದ್ದೆ. ನೀವು ಹೂಂ ಅಂದ್ರಿ.”

ಮರುದಿನ ಬೆಳಿಗ್ಗೆ ಶೇಖಪ್ಪ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಸಾಲಾಗಿ ಎಲ್ಲ ಪಟಗಳಿಗೂ ವಿಭೂತಿ ಹಚ್ಚುತ್ತ ಬಂದ. ಹೊಸ ಗಾಜಿನ ಎದುರು ಕೈ ಎತ್ತಿದವನು ಹಾಗೇ ನಿಂತ. ಹಿಂದೆ ನೀಲಕ್ಕ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು.

“ಹಚ್ಚಲೋ ಬ್ಯಾಡೋ?” ಎಂದು ಕೇಳಿದ.

“ಇಷ್ಟು ದಿನಾ ಪೂಜಾ ಮಾಡೀರಲ್ಲ, ಸಾಕು,” ಎಂದಳು ನೀಲಕ್ಕ. “ಇನ್ನರೆ ನೋಡ್ರಿ.”