ಹೇಳದ ನಿಯಮ

ಸ್ವೀಡನ್ನಿನ ಚಳಿಗಾಲ; ಮೂರು ಗಂಟೆಗೇ ಸೂರ್ಯ ಮುಳುಗುತ್ತಾನೆ. ಈಗ ಎರಡೂಕಾಲು. ಅಷ್ಟರೊಳಗೆ ನೀರಜಮ್ಮ ಒಂದು ಗುಟುಕು ನೀರಾದರೂ ಕುಡಿಯದಿದ್ದರೆ ಜೈನರ ನೇಮದಂತೆ ನಾಳೆ ಬೆಳಗಿನವರೆಗೆ ಕುಡಿಯುವಂತಿಲ್ಲ. ಅಲ್ಲಿಯವರೆಗೆ ಆಕೆ ಉಳಿಯುತ್ತಾಳೆಂಬ ಧೈರ್ಯ ಮಗ ಆದಿಗೆ ಇರಲಿಲ್ಲ.

ಲಿಂಕೋಪಿಂಗ್‌ನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮುಚ್ಚಿದ್ದ ಹಳೆಯ ಮರದ ಶಾಲೆಯಲ್ಲಿ ಪಾರ್ಶ್ವನಾಥನ ಪ್ರತಿಷ್ಠೆಯಾಗಿ ಎರಡು ವರ್ಷ. ಸ್ವೀಡನ್ನಿನ ಜೈನರಿಗೆ ಈಗ ಅದೇ ತೀರ್ಥಕ್ಷೇತ್ರ. ಅಮ್ಮ ಊರಿಗೆ ಹೊರಡುವ ಮುಂಚೆ ಯಾತ್ರೆ ಮಾಡಿಸೋಣವೆಂದು ಕರೆತಂದವನು ಆದಿಯೇ. ಗೋಥೆನ್‌ಬರ್ಗ್‌ನಲ್ಲಿ ಹೊಸ ಕೆಲಸವೆಂದು ಹೇಳಿ ಆಕೆಯ ಟಿಕೆಟ್ಟನ್ನು ಒಂದು ತಿಂಗಳು ಮುಂಚಿನ ದಿನಕ್ಕೆ ಬದಲಿಸಿದ್ದ. ಸೈಕಲ್ಲು, ಹೂಕುಂಡಗಳೆಲ್ಲ ಆಗಲೇ ಪಕ್ಕದ ಮನೆಯವರ ಪಾಲಾಗಿದ್ದವು.

ಬಂದ ದಿನ ಅವನ ಕೋಟಿನ ಗುಂಡಿ ಹೊಲಿದುಕೊಟ್ಟ ಅಮ್ಮ, ಮಾತಿಲ್ಲದೆ ಬಸದಿಗೆ ಹೋಗಿ ನಿಯಮ ಹಿಡಿದು ಕೂತಳು. ಇವತ್ತಿಗೆ ಮೂರನೆಯ ದಿನ. ಬೆಳಿಗ್ಗೆ ಬಂದ ಆಂಬುಲೆನ್ಸಿನವರನ್ನು ಆಕೆಯೇ ಕೈಮುಗಿದು ವಾಪಸ್ ಕಳಿಸಿದ್ದಳು.

“ಸಲ್ಲೇಖನ ತಗೊಂಡ್ಬಿಟ್ಟಿದಾಳಾ?” ಆದಿ ಕೇಳಿದ. ಅನ್ನನೀರು ಬಿಟ್ಟು ಸಾವನ್ನು ಬರಮಾಡಿಕೊಳ್ಳುವ ಆ ವ್ರತದ ಹೆಸರನ್ನು ಅವನು ಪಿಸುಮಾತಿನಲ್ಲೇ ಹೇಳಿದ. ನಿನ್ನೆ ಅಮ್ಮ, ಆ ವ್ರತ ಹಿಡಿಯುವವರು ಕೇಳುವ ಹಾಗೆ, ನೆಂಟರಿಗೆಲ್ಲ ಫೋನ್ ಮಾಡಿ ಕ್ಷಮೆ ಕೇಳಿದ್ದಳು.

“ಗೊತ್ತಿಲ್ಲ,” ಎಂದಳು ಬಸದಿಯ ಅಡುಗೆಮನೆ ನೋಡಿಕೊಳ್ಳುವ ದೀಪ್ತಿ. “ಮುನಿಗಳು ಆಹಾರಕ್ಕೆ ಹೊರಡೋವಾಗ ಮನಸ್ಸಲ್ಲೇ ಒಂದು ನಿಯಮ ಇಟ್ಕೋತಾರಲ್ಲ, ಇಂಥದ್ದು ಕಣ್ಣಿಗೆ ಬಿದ್ರೆ ಮಾತ್ರ ಊಟ ಅಂತ. ಹಾಗೂ ಇರಬಹುದು. ಅದನ್ನ ಬಾಯಿಬಿಟ್ಟು ಹೇಳೋ ಹಾಗಿಲ್ಲ. ನಾವೇ ಕಂಡ್ಕೋಬೇಕು.”

ಆದಿ ಕಳಶ ತಂದಿಟ್ಟ. ಸೇಬು ತಂದಿಟ್ಟ. ತೆಂಗಿನಕಾಯಿ ಹಿಡಿದು ನಿಂತ. ಪ್ರತಿ ಸಲವೂ ಅಮ್ಮ ನೋಡಿ, ಬೇಡವೆಂದು ತಲೆಯಾಡಿಸಿದಳು.

“ನೀನು ಹೋದ್ರೆ ನಾನೇನು ಮಾಡ್ಲಿ, ಅಮ್ಮ?”

“ಹೋಗೋರು ಅದನ್ನೆಲ್ಲ ಎಲ್ಲಿ ಯೋಚಿಸ್ತಾರೆ, ಮಗು?”

ಆಕೆಯ ತುಟಿ ಒಣಗಿ ಬಿರಿದಿತ್ತು. ನೋಟ ಅವನ ಮುಖದ ಮೇಲಿರಲಿಲ್ಲ. ಹೊಸದಾಗಿ ಹೊಲಿದ ಗುಂಡಿಯ ಮೇಲಿತ್ತು.

ಕಿಟಕಿಯಾಚೆ ಬಿಸಿಲು ಪೈನ್ ಮರಗಳ ತುದಿಗೇರಿತು. ಆದಿ ತಲೆಬಗ್ಗಿಸಿ ಆ ಗುಂಡಿಯನ್ನು ನೋಡಿಕೊಂಡ. ಅವನು ಮೆಲ್ಲಗೆ ಕೋಟಿನ ಒಳಜೇಬಿಗೆ ಕೈಹಾಕಿದ.

ಅಮ್ಮ ಊರು ಮುಟ್ಟಿದ ಮೇಲೆ, ತಾನು ಇಲ್ಲವಾದ ಮೇಲೆ ಸಿಗಲಿ ಎಂದು ಬರೆದಿಟ್ಟಿದ್ದ ಕಾಗದವನ್ನು ಅವನು ಆಕೆಯ ಎದುರಿಗೇ ಹರಿದು ಚೂರು ಮಾಡಿದ. ನೀರಜಮ್ಮ ನೀರಿಗೆ ಬೊಗಸೆಯೊಡ್ಡಿದಳು.